ಜೀಶಂಪ: ಗಾಯಕ ಪರಂಪರೆ ಮತ್ತು ವಿಶ್ವವಿದ್ಯಾನಿಲಯ

ಜಾನಪದವು ಕರ್ನಾಟಕದ ವಿಶ್ವವಿದ್ಯಾನಿಲಯಗಳಲ್ಲಿ ಸ್ವತಂತ್ರ ಅಧ್ಯಯನ ಶಿಸ್ತಾಗಿ ರೂಪುಗೊಂಡ ಚರಿತ್ರೆಯಲ್ಲಿ ಜೀ.ಶಂ. ಪರಮಶಿವಯ್ಯನವರ (1933-1995) ಸ್ಥಾನ ಮಹತ್ವದ್ದು. ಸಂಗ್ರಾಹಕರಾಗಿ, ಸಂಪಾದಕರಾಗಿ ಅವರ ಕಾರ್ಯ ಪರಿಚಿತವೇ ಆಗಿದೆ. ಆದರೆ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಗಾಯಕ ಪರಂಪರೆಗಳ ಹಿನ್ನೆಲೆಯಲ್ಲಿ ಅವರ ಬದುಕನ್ನು ಪರಿಶೀಲಿಸಿದಾಗ ಬೇರೊಂದು ಪ್ರಶ್ನೆ ಎದುರಾಗುತ್ತದೆ. ಅಕ್ಷರವಂಚಿತ ಸಮುದಾಯಗಳು ತಲೆಮಾರುಗಳಿಂದ ಉಳಿಸಿಕೊಂಡು ಬಂದ ಕಾವ್ಯಸಂಪತ್ತನ್ನು ವಿಶ್ವವಿದ್ಯಾನಿಲಯ ಪಡೆದುಕೊಂಡಿತು. ಅದಕ್ಕೆ ಪ್ರತಿಯಾಗಿ ಆ ಸಮುದಾಯಗಳಿಗೆ ಸಂದದ್ದೇನು?

ಪರಮಶಿವಯ್ಯನವರು ಹುಟ್ಟಿದ್ದು ಮಂಡ್ಯ ಜಿಲ್ಲೆ ನಾಗಮಂಗಲ ತಾಲ್ಲೂಕಿನ ಅಂಬಲಜೀರಹಳ್ಳಿಯಲ್ಲಿ. ಗ್ರಾಮೀಣ ಪರಿಸರದಿಂದ ಬಂದ ಅವರು ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯನ್ನು ತಮ್ಮ ಕರ್ಮಭೂಮಿಯಾಗಿಸಿಕೊಂಡರು. 'ಜೀಶಂಪ' ಎಂಬ ಹ್ರಸ್ವನಾಮವೇ ವಿದ್ವತ್ ವಲಯದಲ್ಲಿ ರೂಢಿಯಾಯಿತು.

ಅವರ ಕಾಲದ ಕೊಳ್ಳೇಗಾಲ ಸೀಮೆಯ ಸ್ಥಿತಿ ಗಮನಾರ್ಹವಾದುದು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಳ್ಳೇಗಾಲವು ಮದ್ರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಅನಂತರ ಅದು ಮೈಸೂರು ಜಿಲ್ಲೆಯ ತಾಲ್ಲೂಕಾಯಿತು. 1997ರಲ್ಲಿ ಚಾಮರಾಜನಗರ ಜಿಲ್ಲೆ ರಚನೆಯಾಗುವವರೆಗೂ ಹಾಗೆಯೇ ಉಳಿಯಿತು. ಹನೂರು ಆಗ ಕೊಳ್ಳೇಗಾಲ ತಾಲ್ಲೂಕಿನ ಒಳಗೇ ಇದ್ದಿತು. ಆಡಳಿತದ ಅಂಚಿನಲ್ಲಿದ್ದ ಈ ಪ್ರದೇಶ ಮೌಖಿಕ ಕಾವ್ಯದ ದೃಷ್ಟಿಯಿಂದ ಕೇಂದ್ರವೇ ಆಗಿದ್ದಿತು. ಮಲೆ ಮಹದೇಶ್ವರ ಬೆಟ್ಟದಲ್ಲಿ ದೀಕ್ಷೆ ಪಡೆದ ದೇವರಗುಡ್ಡರು ಕಂಸಾಳೆ ಹಿಡಿದು ಮಾದೇಶ್ವರನ ಕಾವ್ಯವನ್ನು ಹಾಡುತ್ತ ಬಂದರು. ಚಿಕ್ಕಲ್ಲೂರು ಸಿದ್ಧಪ್ಪಾಜಿಯ ಜಾತ್ರೆಯಲ್ಲಿ ನೆರೆಯುವ ನೀಲಗಾರರು ತಂಬೂರಿಯ ಶ್ರುತಿಯಲ್ಲಿ ಮಂಟೇಸ್ವಾಮಿಯ ಕಥನವನ್ನು ನಡೆಸಿಕೊಂಡು ಬಂದರು. ಯಳಂದೂರಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ಹಾಡಿನ ಪರಂಪರೆ ಪ್ರತ್ಯೇಕವಾಗಿಯೇ ಬೆಳೆದಿದ್ದಿತು. ಈ ಗಾಯಕರಲ್ಲಿ ಬಹುಪಾಲು ಜನ ದಲಿತ, ಹಿಂದುಳಿದ ಮತ್ತು ಬುಡಕಟ್ಟು ಸಮುದಾಯಗಳಿಗೆ ಸೇರಿದವರು.

ಪರಮಶಿವಯ್ಯನವರು ಇಂಥ ಪರಂಪರೆಗಳನ್ನು ಕೇವಲ ಪಠ್ಯದ ಆಕರಗಳೆಂದು ಭಾವಿಸಲಿಲ್ಲ ಎಂಬುದೇ ಅವರ ವೈಶಿಷ್ಟ್ಯ. 'ದಕ್ಷಿಣ ಕರ್ನಾಟಕದ ಜನಪದ ಕಾವ್ಯ ಪ್ರಕಾರಗಳು' ಎಂಬ ಅವರ ಸಂಶೋಧನ ಗ್ರಂಥ ವೃತ್ತಿಗಾಯಕರನ್ನು ಚರ್ಚೆಯ ಮುನ್ನೆಲೆಗೆ ತಂದಿತು. ಹಾಡುವ ಸಮುದಾಯ, ಅದರ ವಾದ್ಯ, ಅದರ ಆಚರಣೆಗಳನ್ನು ಬಿಟ್ಟು ಕಾವ್ಯವನ್ನು ಮಾತ್ರ ಬಿಡಿಸಿ ನೋಡಿದರೆ ಅದರ ಸ್ವರೂಪ ತಿಳಿಯದೆಂಬ ಅರಿವು ಈ ಕ್ರಮದ ಹಿಂದಿದೆ. ತ್ರಿಪದಿ ಗರತಿಯ ಹಾಡುಗಳನ್ನೇ ಜನಪದ ಸಾಹಿತ್ಯದ ಪ್ರಾತಿನಿಧಿಕ ರೂಪವೆಂದು ಬಗೆದಿದ್ದ ಅಭಿರುಚಿಗೆ ದೀರ್ಘ ಕಥನಕಾವ್ಯಗಳ ಈ ಅಧ್ಯಯನ ಹೊಸ ದಿಕ್ಕನ್ನು ತೋರಿಸಿತು. ಬಯಲುಸೀಮೆಯ ಮೂಡಲಪಾಯ ಯಕ್ಷಗಾನವನ್ನು ಕುರಿತ ಅವರ ಆಸ್ಥೆಯೂ ಇದೇ ದೃಷ್ಟಿಯ ವಿಸ್ತರಣೆ.

1968ರಲ್ಲಿ ಮಾನಸಗಂಗೋತ್ರಿಯಲ್ಲಿ ಸ್ಥಾಪಿತವಾದ ಜಾನಪದ ವಸ್ತುಸಂಗ್ರಹಾಲಯ ಅವರ ಬದುಕಿನ ಇನ್ನೊಂದು ಮುಖ್ಯ ಘಟ್ಟ. ದೇ. ಜವರೇಗೌಡರ ಬೆಂಬಲ, ಕಲಾವಿದ ಪಿ.ಆರ್. ತಿಪ್ಪೇಸ್ವಾಮಿಯವರ ಸಹಕಾರಗಳೊಂದಿಗೆ ಅದು ಬೆಳೆಯಿತು. ಅರಮನೆಯಾಗಿದ್ದ ಜಯಲಕ್ಷ್ಮೀ ವಿಲಾಸದ ತೊಟ್ಟಿಗಳಲ್ಲಿ ಬೇಸಾಯದ ಉಪಕರಣಗಳೂ ತೊಗಲುಗೊಂಬೆಗಳೂ ಬಯಲಾಟದ ವೇಷಭೂಷಣಗಳೂ ನೆಲೆ ಪಡೆದದ್ದು ಸಾಂಕೇತಿಕವಾಗಿಯೂ ಅರ್ಥಪೂರ್ಣ. ಶ್ರಮಜೀವಿಗಳ ಬಳಕೆಯ ವಸ್ತುಗಳು ಉನ್ನತ ವಿದ್ಯಾಕೇಂದ್ರದಲ್ಲಿ ಅಧ್ಯಯನಯೋಗ್ಯವೆಂಬ ಮಾನ್ಯತೆ ಪಡೆದುವು.

ಆದರೆ ಈ ಮಾನ್ಯತೆಗೆ ಮಿತಿಯೂ ಇದ್ದಿತು. ವಸ್ತುವು ಸಂಗ್ರಹಾಲಯವನ್ನು ಸೇರಿದ ಬಳಿಕ ಅದನ್ನು ಬಳಸುತ್ತಿದ್ದ ಸಮುದಾಯದ ಅಂಕೆಯಿಂದ ಹೊರಗುಳಿಯುತ್ತದೆ. ಹಾಡು ಮುದ್ರಣಗೊಂಡಾಗ ರಾಗ, ವಚನಭಾಗದ ಏರಿಳಿತ, ಸೊಲ್ಲು ಕೂಡಿಸುವ ಹಿಮ್ಮೇಳ ಮತ್ತು ಕೇಳುಗರ ಭಕ್ತಿ ಪುಟದ ಆಚೆಯೇ ನಿಲ್ಲುತ್ತವೆ. ಮುಖಪುಟದಲ್ಲಿ ಸಂಪಾದಕನ ಹೆಸರು ಎದ್ದು ಕಾಣುತ್ತದೆ. ಪದವಿ, ಬಡ್ತಿಗಳು ವಿದ್ವಾಂಸನಿಗೆ ಸಲ್ಲುತ್ತವೆ. ಹಾಡಿದವನು ಭಿಕ್ಷಾಪಾತ್ರೆಯೊಂದಿಗೆ ಮತ್ತೆ ಮನೆಮನೆಗೆ ನಡೆಯಬೇಕಾಗುತ್ತದೆ. ಇದು ಒಬ್ಬ ವ್ಯಕ್ತಿಯ ದೋಷವಲ್ಲ. ಆ ತಲೆಮಾರಿನ ಕ್ಷೇತ್ರಕಾರ್ಯದ ಸ್ವರೂಪದಲ್ಲೇ ಅಡಗಿದ್ದ ಅಸಮತೆ.

ಪರಮಶಿವಯ್ಯನವರು ತೀರಿಕೊಂಡ ಎರಡು ವರ್ಷಗಳ ಬಳಿಕ, 1997ರಲ್ಲಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಮಂಟೇಸ್ವಾಮಿ ಮತ್ತು ಮಾದೇಶ್ವರ ಕಾವ್ಯಗಳನ್ನು ಪ್ರಕಟಿಸಿತು. ಕೆ. ಕೇಶವನ್ ಪ್ರಸಾದ್ ಸಂಪಾದಿಸಿದ ಮಾದೇಶ್ವರ ಕಾವ್ಯ ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದುದೆಂದೇ ಪ್ರಸಿದ್ಧವಾಯಿತು. ಗಾಯಕನನ್ನು ಕೃತಿಕಾರನ ನೆಲೆಯಲ್ಲಿ ಗುರುತಿಸುವ ಈ ಕ್ರಮ, ಹಾಡುವ ಸಮುದಾಯಗಳಿಂದಲೇ ಕಾವ್ಯವನ್ನು ಅರಿಯಬೇಕೆಂಬ ಜೀಶಂಪ ಮಾರ್ಗದ ಸಹಜ ಮುಂದುವರಿಕೆ ಎನ್ನಬಹುದು. ಕರ್ನಾಟಕ ಜಾನಪದ ಅಕಾಡೆಮಿ ತಜ್ಞರಿಗೆ ಕೊಡಮಾಡುವ ಪ್ರಶಸ್ತಿಗೆ ಅವರ ಹೆಸರಿದೆ. ಆದರೆ ಅವರು ಎತ್ತಿ ತೋರಿದ ಸಮುದಾಯಗಳ ಮಕ್ಕಳು ಆಕರವಾಗಿ ಅಲ್ಲದೆ ವಿದ್ಯಾರ್ಥಿಗಳಾಗಿ, ಅಧ್ಯಾಪಕರಾಗಿ, ತಮ್ಮ ಕಾವ್ಯದ ವ್ಯಾಖ್ಯಾನಕಾರರಾಗಿ ವಿಶ್ವವಿದ್ಯಾನಿಲಯವನ್ನು ಪ್ರವೇಶಿಸಿದಾಗಲೇ ಈ ಋಣಸಂದಾಯ ಪೂರ್ಣವಾಗುತ್ತದೆ.