ವಾಟ್ಸಾಪ್‌ ಟಿಕ್‌ನ ಹಿಂದಿರುವ ಎರ್ಲಾಂಗ್ ಯಾರು?

ನೀವು ಫಾರ್ವರ್ಡ್ ಮಾಡಿದ ಸಂದೇಶಕ್ಕೆ ಒಂದೇ ಟಿಕ್ ಬಂದಿದೆ ಎಂದುಕೊಳ್ಳಿ. ಅದು ಸರ್ವರ್ ತಲುಪಿದೆ, ಆಚೆ ಕಡೆಯ ಫೋನ್ ತಲುಪಿಲ್ಲ ಎಂದರ್ಥ. ಆದರೂ ನಿಮ್ಮ ಫೋನ್ ಕಾಯುತ್ತಾ ಕೂರುವುದಿಲ್ಲ. ನೀವು ಬೇರೆ ಚಾಟ್ ತೆರೆಯಬಹುದು, ಎರಡನೇ ಟಿಕ್ ಬಂದಾಗ ಬರುತ್ತದೆ. ಹೀಗೆ ಘಟನೆ ನಡೆದಾಗ ಸ್ಪಂದಿಸುವಂತೆ ಆ್ಯಪ್ ಬರೆಯುವ ಒಂದು ವಿಧಾನವೇ ರಿಯಾಕ್ಟಿವ್ ಪ್ರೋಗ್ರಾಮಿಂಗ್.

ವಾಟ್ಸಾಪ್ ತನ್ನ ಸರ್ವರ್‌ಗಳಿಗೆ ಬಳಸಿದ ಭಾಷೆ ಎರ್ಲಾಂಗ್. ಅದು ಎರಿಕ್ಸನ್ ಕಂಪನಿಯಲ್ಲಿ ಹುಟ್ಟಿದ್ದರಿಂದ, ಎರಿಕ್ಸನ್ ಲ್ಯಾಂಗ್ವೇಜ್ ಎಂಬುದೇ ಮೊಟಕಾಗಿ ಈ ಹೆಸರಾಯಿತು ಎಂದು ಹಲವರು ನಂಬಿದ್ದಾರೆ. ಆ ಅರ್ಥವೂ ಹೊಂದುತ್ತದೆ. ಆದರೆ ಎರ್ಲಾಂಗ್ ಎಂಬ ಮನುಷ್ಯನೊಬ್ಬ ನಿಜವಾಗಿ ಇದ್ದ.

ಆಗ್ನರ್ ಕ್ರಾರುಪ್ ಎರ್ಲಾಂಗ್ ಹುಟ್ಟಿದ್ದು 1878ರ ಜನವರಿ 1ರಂದು, ಡೆನ್ಮಾರ್ಕ್‌ನ ಹಳ್ಳಿಯೊಂದರಲ್ಲಿ. ತಂದೆ ಶಾಲಾ ಮೇಷ್ಟ್ರು. ಎರ್ಲಾಂಗ್ ಕೋಪನ್‌ಹೇಗನ್‌ನಲ್ಲಿ ಗಣಿತ ಓದಿ, ಕೆಲವು ವರ್ಷ ಪಾಠ ಮಾಡಿ, 1908ರಲ್ಲಿ ಅಲ್ಲಿನ ಟೆಲಿಫೋನ್ ಕಂಪನಿ ಸೇರಿದರು. ಅಳತೆ ತೆಗೆದುಕೊಳ್ಳಲು ಬೀದಿಯ ಮ್ಯಾನ್‌ಹೋಲ್‌ಗಳಿಗೂ ಇಳಿಯುತ್ತಿದ್ದರಂತೆ.

ಅವರ ಮುಂದಿದ್ದ ಪ್ರಶ್ನೆ ಸರಳ: ಯಾರು ಯಾವಾಗ ಕರೆ ಮಾಡುತ್ತಾರೋ ಗೊತ್ತಿಲ್ಲ, ಹಾಗಾದರೆ ಎಷ್ಟು ಲೈನ್ ಬೇಕು? ಗಂಟೆಗೆ 60 ಕರೆ, ಪ್ರತಿ ಕರೆಯೂ ಸರಾಸರಿ 3 ನಿಮಿಷ ಎಂದರೆ ಒಟ್ಟು 180 ನಿಮಿಷದ ಮಾತು. ಮೂರು ಲೈನ್ ಸಾಕು ಅನ್ನಿಸುತ್ತದೆ, ಅಲ್ಲವೇ? ಸಾಲುವುದಿಲ್ಲ. ಕರೆಗಳು ಸರತಿಯಲ್ಲಿ ಬರುವುದಿಲ್ಲ, ಒಮ್ಮೆಗೇ ಮುಗಿಬೀಳುತ್ತವೆ. 1917ರಲ್ಲಿ ಅವರು ಪ್ರಕಟಿಸಿದ ಸೂತ್ರದ ಪ್ರಕಾರ, ಮೂರೇ ಲೈನ್ ಇದ್ದರೆ 100ರಲ್ಲಿ ಸುಮಾರು 35 ಕರೆಗಳು ತಪ್ಪಿಹೋಗುತ್ತವೆ. ತಪ್ಪುವುದು 1ಕ್ಕಿಂತ ಕಡಿಮೆಯಾಗಬೇಕಾದರೆ 8 ಲೈನ್ ಬೇಕು. ತಪ್ಪಿಹೋದ ಕರೆ ಆಂಬುಲೆನ್ಸ್‌ಗೆ ಮಾಡಿದ್ದಾಗಿದ್ದರೆ? ಸರಾಸರಿ ನೋಡಿ ಲೆಕ್ಕ ಹಾಕುವುದರ ಅಪಾಯ ಇದೇ.

ಎರ್ಲಾಂಗ್ 1929ರಲ್ಲಿ, 51ನೇ ವಯಸ್ಸಿನಲ್ಲಿ ತೀರಿಕೊಂಡರು. 1946ರಲ್ಲಿ ಟೆಲಿಫೋನ್ ದಟ್ಟಣೆಯ ಅಳತೆಗೆ ಅವರ ಹೆಸರನ್ನೇ ಇಟ್ಟರು.

ಈ ಲೆಕ್ಕ ನಮ್ಮ ಊರಿಗೂ ಹೊಸದಲ್ಲ. ಮರ್ಫಿ ಟೌನ್‌ನಿಂದ ಹಳೇ ಮದ್ರಾಸ್ ರಸ್ತೆ ಹಿಡಿದು ಪೂರ್ವಕ್ಕೆ ಹೋದರೆ ಕೆ.ಆರ್. ಪುರದ ಹತ್ತಿರ ದೂರವಾಣಿನಗರ ಸಿಗುತ್ತದೆ. 1948ರಲ್ಲಿ ಶುರುವಾದ ಐಟಿಐ ಕಾರ್ಖಾನೆಯಿಂದ ಬಂದ ಹೆಸರದು. ಅಲ್ಲಿ ತಯಾರಾಗುತ್ತಿದ್ದ ಟೆಲಿಫೋನ್ ಎಕ್ಸ್‌ಚೇಂಜ್‌ಗಳು ಎದುರಿಸಬೇಕಿದ್ದುದೂ ಇಂಥದ್ದೇ ನೂಕುನುಗ್ಗಲನ್ನು.

ಇಂದು ಆ ನೂಕುನುಗ್ಗಲು ನಿಮ್ಮ ಜೇಬಿನೊಳಗೇ ಇದೆ. ಬೆರಳಿನ ಸ್ಪರ್ಶ, ನೆಟ್‌ವರ್ಕ್‌ನ ಉತ್ತರ, ಜಿಪಿಎಸ್ ಮಾಹಿತಿ ಎಲ್ಲವೂ ತಮಗೆ ಬೇಕಾದಾಗ ಬರುತ್ತವೆ. ರಿಯಾಕ್ಟಿವ್ ವಿಧಾನದಲ್ಲಿ ಇವನ್ನು ಹರಿಯುವ ನೀರಿನಂತೆ ಕಾಣುತ್ತಾರೆ: ಬೇಕಾದ್ದನ್ನು ಸೋಸಬಹುದು, ಹೆಚ್ಚಾದರೆ ತಡೆದು ನಿಧಾನವಾಗಿ ಬಿಡಬಹುದು. ಹುಡುಕಾಟದ ಪೆಟ್ಟಿಗೆಯಲ್ಲಿ ನೀವು ಟೈಪ್ ಮಾಡುವುದನ್ನು ನಿಲ್ಲಿಸಿದ ಮೇಲೆಯೇ ಸರ್ವರ್‌ಗೆ ಪ್ರಶ್ನೆ ಕಳುಹಿಸುವಂತೆ ಮಾಡುವುದು ಇದಕ್ಕೊಂದು ಉದಾಹರಣೆ.

ಹಾಗಾಗಿ ಒಂದೇ ಟಿಕ್ ಕಂಡರೆ ಅದೇ ಸಂದೇಶವನ್ನು ಮತ್ತೆ ಮತ್ತೆ ಕಳುಹಿಸಬೇಡಿ. ಅದು ಕಳೆದುಹೋಗಿಲ್ಲ, ಸರದಿಯಲ್ಲಿದೆ.