ಅಂಕಿಗಳ ಪರೀಕ್ಷಕ ಮಹಲನೋಬಿಸ್

ಮನುಷ್ಯನ ಒಂದು ಹನಿ ರಕ್ತದಲ್ಲಿ ಸಕ್ಕರೆ, ಆಮ್ಲ, ಕೊಬ್ಬು ಮೊದಲಾದ ಸಾವಿರಾರು ಸಣ್ಣ ರಾಸಾಯನಿಕ ವಸ್ತುಗಳಿರುತ್ತವೆ. ಉಂಡ ಅನ್ನ ದೇಹವಾಗುವ, ದೇಹ ಸವೆದು ಹೊರಬೀಳುವ ಕ್ರಿಯೆಗೆ ಚಯಾಪಚಯವೆಂದು ಹೆಸರು. ಆ ಕ್ರಿಯೆಯ ನಡುವೆ ಹುಟ್ಟಿ ಅಳಿಯುವ ಈ ವಸ್ತುಗಳನ್ನೆಲ್ಲ ಒಟ್ಟಿಗೆ ಅಳೆಯುವ ಶಾಸ್ತ್ರವೇ ಮೆಟಬೊಲಾಮಿಕ್ಸ್. ಅಳೆಯುವುದು ಯಂತ್ರದ ಕೆಲಸ. ಯಂತ್ರ ಸುರಿಯುವ ಅಂಕಿಗಳ ರಾಶಿಯನ್ನು ಒಪ್ಪವಾಗಿ ಜೋಡಿಸಿ, ಕಸವನ್ನು ಕೇರಿ, ಯಾವ ರಕ್ತ ಯಾವ ಗುಂಪಿಗೆ ಸೇರಿತೆಂದು ತೋರಿಸುವುದು ತಂತ್ರಾಂಶದ ಕೆಲಸ. 2006ರಲ್ಲಿ ಅಮೆರಿಕದಿಂದ ಬಂದ ಎಕ್ಸ್‌ಸಿಎಂಎಸ್, 2009ರಲ್ಲಿ ಕೆನಡಾದಿಂದ ಬಂದ ಮೆಟಬೊಅನಲಿಸ್ಟ್ ಅಂಥವು. ಈ ಬಗೆಯ ವಿಶ್ಲೇಷಣೆಯಲ್ಲಿ, ಗುಂಪಿನಿಂದ ದೂರ ನಿಂತ ಮಾದರಿಯನ್ನು ಹುಡುಕಲು ಬಳಸುವ ಲೆಕ್ಕವೊಂದಕ್ಕೆ ಭಾರತೀಯರೊಬ್ಬರ ಹೆಸರಿದೆ. ಅದು ಮಹಲನೋಬಿಸ್ ದೂರ.

ನಮ್ಮ ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಎರಡನೆಯ ಪಂಚವಾರ್ಷಿಕ ಯೋಜನೆಯ ಪಾಠದಲ್ಲಿ ಈ ಹೆಸರನ್ನು ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದೊಡನೆ ಮರೆಯುವುದು ವಾಡಿಕೆ. ಆದರೆ ಯೋಜನೆಯನ್ನು ಬರೆಯುವ ಮೊದಲೇ ಅವರು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅಂಕಿಗಳೊಡನೆ ಗುದ್ದಾಡಿದ್ದರು. ನಾನು ಹೇಳಹೊರಟಿರುವುದು ಆ ಕಥೆಯನ್ನು.

ಪ್ರಶಾಂತಚಂದ್ರ ಮಹಲನೋಬಿಸರು 1893ರ ಜೂನ್ 29ರಂದು ಕಲ್ಕತ್ತೆಯ ಬ್ರಹ್ಮಸಮಾಜದ ಮನೆತನವೊಂದರಲ್ಲಿ ಜನಿಸಿದರು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಓದಿ 1912ರಲ್ಲಿ ಪದವೀಧರರಾದರು. ಮರುವರ್ಷ ವಿಲಾಯತಿಗೆ ಹೋದರು. ಒಂದು ದಿನ ಕೇಂಬ್ರಿಜ್ಜನ್ನು ನೋಡಲು ಹೋದವರಿಗೆ ಲಂಡನ್ನಿಗೆ ಮರಳುವ ಕೊನೆಯ ರೈಲು ತಪ್ಪಿತು. ರಾತ್ರಿ ಅಲ್ಲೇ ಸ್ನೇಹಿತನ ಬಳಿ ಉಳಿದರು. ಆ ಊರಿನ ಸೊಬಗಿಗೆ ಮನಸೋತು ಅಲ್ಲಿನ ಕಿಂಗ್ಸ್ ಕಾಲೇಜಿಗೇ ಸೇರಿಬಿಟ್ಟರು! ಗಣಿತಜ್ಞ ರಾಮಾನುಜನ್ನರ ಸ್ನೇಹ ದೊರೆತದ್ದೂ ಅಲ್ಲಿಯೇ. 1915ರಲ್ಲಿ ಊರಿಗೆ ಹೊರಡುವಾಗ ಯುದ್ಧದ ಕಾರಣ ಹಡಗು ತಡವಾಯಿತು. ಆ ಬಿಡುವಿನಲ್ಲಿ ಉಪಾಧ್ಯಾಯರೊಬ್ಬರು ಬಯೋಮೆಟ್ರಿಕಾ ಎಂಬ ಪತ್ರಿಕೆಯನ್ನು ತೋರಿಸಿದರು. ಜೀವಿಗಳ ಅಳತೆಯನ್ನು ಲೆಕ್ಕದಿಂದ ವಿಚಾರಿಸುವ ಪತ್ರಿಕೆ ಅದು. ಅದರ ಸಂಪುಟಗಳನ್ನೆಲ್ಲ ಕೊಂಡು ಹಡಗಿನಲ್ಲಿಯೇ ಓದತೊಡಗಿದರು. ರಜೆಗೆಂದು ಬಂದವರು ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿ ನಿಂತರು.

ಇಲ್ಲಿ ನಮ್ಮ ನಾಡಿಗೂ ಒಂದು ನಂಟುಂಟು. ತರುಣ ಮಹಲನೋಬಿಸರಿಗೆ ಕಲ್ಕತ್ತ ವಿಶ್ವವಿದ್ಯಾನಿಲಯದ ಪರೀಕ್ಷಾ ಫಲಿತಾಂಶಗಳನ್ನು ಕೊಟ್ಟು, ಲೆಕ್ಕಹಾಕಿ ನೋಡೆಂದು 1917ರಲ್ಲಿ ಒಪ್ಪಿಸಿದವರು ಆಚಾರ್ಯ ಬ್ರಜೇಂದ್ರನಾಥ ಸೀಲರು. ಮುಂದೆ 1921ರಿಂದ 1930ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದವರು ಇದೇ ಸೀಲರು.

1920ರ ನಾಗಪುರದ ವಿಜ್ಞಾನ ಸಮ್ಮೇಳನದಲ್ಲಿ ಪ್ರಾಣಿಶಾಸ್ತ್ರಜ್ಞ ಅನ್ನಂಡೇಲರು ಕಲ್ಕತ್ತೆಯ ಆಂಗ್ಲೋ-ಇಂಡಿಯನ್ನರ ಮೈಯಳತೆಗಳನ್ನು ಮಹಲನೋಬಿಸರಿಗೆ ವಹಿಸಿದರು. ಎರಡು ಗುಂಪುಗಳು ಎಷ್ಟು ಹತ್ತಿರ, ಎಷ್ಟು ದೂರ ಎಂದು ಹೇಳುವುದು ಹೇಗೆ? ಈ ಪ್ರಶ್ನೆ ಅವರನ್ನು ಬಿಡಲಿಲ್ಲ. 1936ರಲ್ಲಿ ಅದಕ್ಕೆ ಪೂರ್ಣರೂಪದ ಉತ್ತರವನ್ನು ಪ್ರಕಟಿಸಿದರು.

ಉತ್ತರದ ತಿರುಳು ಕಠಿಣವಲ್ಲ. ಎತ್ತರ ಮತ್ತು ತೂಕಗಳನ್ನೇ ತೆಗೆದುಕೊಳ್ಳೋಣ. ಆರಡಿಯ ಆಳು ಹೆಚ್ಚು ತೂಗಿದರೆ ಅಚ್ಚರಿಯಿಲ್ಲ. ಐದಡಿಯವನು ಅಷ್ಟೇ ತೂಗಿದರೆ ನಿಂತು ನೋಡಬೇಕು. ಐದಡಿ ಎತ್ತರವೂ ಅಪರೂಪವಲ್ಲ, ಆ ತೂಕವೂ ಅಪರೂಪವಲ್ಲ; ಎರಡೂ ಒಬ್ಬನಲ್ಲೇ ಕೂಡಿದ್ದು ಅಪರೂಪ. ಆದ್ದರಿಂದ ಒಂದೊಂದು ಅಳತೆಯನ್ನೂ ಬಿಡಿಬಿಡಿಯಾಗಿ ನೋಡದೆ, ಅವು ಒಂದರ ಜೊತೆ ಇನ್ನೊಂದು ಏರಿಳಿಯುವ ಪರಿಯನ್ನೂ ಲೆಕ್ಕಕ್ಕೆ ಹಿಡಿದು ದೂರವನ್ನು ಅಳೆಯಬೇಕು.

ನಮ್ಮ ಇಟ್ಟಮಡುವಿನಲ್ಲಿ ರಕ್ತಪರೀಕ್ಷೆ ಮಾಡಿಸಿದರೆ ಕೈಗೆ ಬರುವ ಹಾಳೆಯಲ್ಲಿ ಒಂದೊಂದು ವಸ್ತುವಿನ ಮುಂದೆಯೂ ಅದರದರ ಎಲ್ಲೆಯನ್ನು ಅಚ್ಚುಹಾಕಿರುತ್ತಾರೆ. ನಮ್ಮ ಮನೆಯಲ್ಲಿ ಆ ಹಾಳೆಯನ್ನು ಓದಬಲ್ಲವನು ನಾನೊಬ್ಬನೇ. ಎಲ್ಲ ಅಂಕಿಯೂ ಎಲ್ಲೆಯೊಳಗಿದೆಯೆಂದು ಓದಿ ಹೇಳಿದರೆ ಅವ್ವ ನಿಟ್ಟುಸಿರು ಬಿಡುತ್ತಾಳೆ. ಆದರೆ ಪ್ರತಿಯೊಂದೂ ಎಲ್ಲೆಯೊಳಗಿದ್ದು, ಅವುಗಳ ಕೂಟ ಮಾತ್ರ ಎಲ್ಲೆ ಮೀರಿರುವುದು ಸಾಧ್ಯ. ನಾಲ್ಕಾರು ಸಾಲಿನ ಹಾಳೆಯಲ್ಲೇ ಹೀಗಾದರೆ, ಸಾವಿರ ಸಾಲಿನ ಮೆಟಬೊಲಾಮಿಕ್ಸ್ ಪಟ್ಟಿಯಲ್ಲಿ ಕಣ್ಣಿನಿಂದ ಏನು ತಾನೇ ಕಂಡೀತು?

ಸೂತ್ರಕ್ಕಿಂತಲೂ ನನಗೆ ದೊಡ್ಡದಾಗಿ ಕಾಣುವುದು, ಅಂಕಿಗಳನ್ನು ನಂಬುವ ಮೊದಲು ಅವರು ಮಾಡುತ್ತಿದ್ದ ವಿಚಾರಣೆ. ರಿಸ್ಲೆ ಎಂಬ ಆಂಗ್ಲ ಅಧಿಕಾರಿ 1891ರಲ್ಲಿ ಬಂಗಾಳದ ಜಾತಿ ಬುಡಕಟ್ಟುಗಳ ಅಳತೆಗಳನ್ನು ಪ್ರಕಟಿಸಿದ್ದ. ಮೂಗು ಅಗಲವಾದಷ್ಟೂ ಜಾತಿ ಕೀಳೆಂಬುದು ಅವನ ವಾದ. ಸರ್ಕಾರದ ಮುದ್ರೆ ಬಿದ್ದ ಅಂಕಿಗಳು! ಮಹಲನೋಬಿಸರು ಒಂದು ಅಂಕಿಗೆ ಇನ್ನೊಂದನ್ನು ಸಾಕ್ಷಿ ಹಿಡಿದು ಪರೀಕ್ಷಿಸಿ, ಅವುಗಳಲ್ಲಿದ್ದ ತಪ್ಪುಗಳನ್ನು ಪತ್ತೆಹಚ್ಚಿ, ತಿದ್ದಿದ ಪಟ್ಟಿಯನ್ನು 1933ರಲ್ಲಿ ತಮ್ಮ ಸಾಂಖ್ಯ ಪತ್ರಿಕೆಯಲ್ಲಿ ಹೊರತಂದರು. ಮನುಷ್ಯರನ್ನು ಜಾತಿಜಾತಿಯಾಗಿ ಅಳೆಯುವ ಕೆಲಸವನ್ನೇ ಅವರು ಕೈಬಿಡಲಿಲ್ಲವೆಂಬುದು ನಿಜ. ಉತ್ತರ ಪ್ರದೇಶದ ಅಂಥ ಅಳತೆಗಳ ವರದಿ ಅವರ ಹೆಸರಿನಲ್ಲಿಯೂ 1949ರಲ್ಲಿ ಹೊರಬಂದಿದೆ. ಅಳೆಸಿಕೊಂಡ ಜನರ ಕಡೆಯಿಂದ ಕಾಲೇಜಿಗೆ ಬಂದ ನನ್ನಂಥವನಿಗೆ ಇದು ಸ್ವಲ್ಪ ಇರುಸುಮುರುಸೇ. ಆದರೂ ಅಚ್ಚಾದ ಅಂಕಿಯನ್ನು ಪ್ರಶ್ನಿಸಬಹುದೆಂದು ತೋರಿಸಿಕೊಟ್ಟದ್ದು ಸಣ್ಣ ಉಪಕಾರವಲ್ಲ.

1926ರಲ್ಲಿ ಒರಿಸ್ಸದ ಬ್ರಾಹ್ಮಣಿ ನದಿ ಉಕ್ಕಿದಾಗಲೂ ಹೀಗೆಯೇ ಆಯಿತು. ನದಿಯ ತಳ ಮೇಲೆದ್ದಿದೆ, ದಂಡೆಗಳನ್ನು ಎತ್ತರಿಸಬೇಕು ಎಂದು ಎಂಜಿನಿಯರುಗಳು ಹೇಳಿದರು. ಸುಮಾರು ಅರವತ್ತು ವರ್ಷಗಳ ದಾಖಲೆಗಳನ್ನು ಜಾಲಾಡಿದ ಮಹಲನೋಬಿಸರಿಗೆ ತಳ ಎದ್ದ ಗುರುತೇ ಸಿಗಲಿಲ್ಲ.

1931ರ ಡಿಸೆಂಬರ್ 17ರಂದು ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿದ ಮೇಲೆ ಬಂಗಾಳದ ಸೆಣಬಿನ ಬೆಳೆಯ ಅಂದಾಜು ಅವರ ಪಾಲಿಗೆ ಬಂತು. ಒಂದೇ ಸೀಮೆಗೆ ಒಬ್ಬರ ಸುದ್ದಿ ಒಬ್ಬರಿಗೆ ತಿಳಿಯದಂತೆ ಎರಡು ತಂಡಗಳನ್ನು ಕಳುಹಿಸಿ, ಎರಡರ ಲೆಕ್ಕಗಳನ್ನೂ ತಾಳೆ ನೋಡುವ ಕ್ರಮವನ್ನು ಅವರು ಹೂಡಿದರು. ಅಂತರ ಹೆಚ್ಚಾದರೆ ಹೊಲವನ್ನಲ್ಲ, ಅಳೆದವರನ್ನು ವಿಚಾರಿಸಬೇಕು. ಇಂದಿನ ಪ್ರಯೋಗಶಾಲೆಗಳಲ್ಲಿಯೂ ಇದಕ್ಕೆ ಹೋಲುವ ಉಪಾಯವಿದೆ: ಎಲ್ಲ ಮಾದರಿಗಳಿಂದ ಸ್ವಲ್ಪ ಸ್ವಲ್ಪ ತೆಗೆದು ಒಂದೇ ಸೀಸೆಯಲ್ಲಿ ಬೆರೆಸಿ, ಆ ಬೆರಕೆಯನ್ನು ನಡುನಡುವೆ ಮತ್ತೆ ಮತ್ತೆ ಯಂತ್ರಕ್ಕೆ ಉಣಿಸುತ್ತಾರೆ. ಒಂದೇ ಬೆರಕೆ ಬೆಳಿಗ್ಗೆ ಒಂದು, ಸಂಜೆ ಒಂದು ಅಂಕಿ ಕೊಟ್ಟರೆ ಯಂತ್ರ ಜಾರಿದೆಯೆಂದೇ ಅರ್ಥ. ತಂತ್ರಾಂಶ ಆ ಜಾರಿಕೆಯನ್ನು ಸರಿಪಡಿಸಿದ ಮೇಲೆಯೇ ರೋಗದ ಮಾತು.

ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್ ಅವರು 1941ರಲ್ಲಿ ಈ ಸಂಸ್ಥೆಯನ್ನು ಸೇರಿದರು. ಸೂಡಾನಿನ ಜೆಬೆಲ್ ಮೋಯಾದಲ್ಲಿ ಅಗೆದು ತೆಗೆದ ಪುರಾತನ ಎಲುಬುಗಳ ಅಳತೆಗಳನ್ನು ಗುರುವಿನ ದೂರಸೂತ್ರದಿಂದ ವಿಶ್ಲೇಷಿಸಲು 1946ರಲ್ಲಿ ಕೇಂಬ್ರಿಜ್ಜಿಗೆ ಹೋದವರು ಅವರೇ. ಅನೇಕ ಅಳತೆಗಳನ್ನು ಒಟ್ಟಿಗೆ ವಿಚಾರಿಸುವ ಶಾಸ್ತ್ರವನ್ನು ಬಹುದೂರ ಬೆಳೆಸಿ, 2023ರಲ್ಲಿ ತೀರಿಕೊಂಡರು.

ಆ ಕಾಲದಲ್ಲಿ ಈ ಲೆಕ್ಕಗಳನ್ನು ಕೈತಿರುವಿನ ಯಂತ್ರಗಳ ಮುಂದೆ ಸಾಲಾಗಿ ಕುಳಿತ ಗುಮಾಸ್ತರು ಮಾಡುತ್ತಿದ್ದರು. 1956ರಲ್ಲಿ ಮಹಲನೋಬಿಸರು ಇಂಗ್ಲೆಂಡಿನಿಂದ ತರಿಸಿದ ಎಚ್‌ಇಸಿ-2ಎಂ ಭಾರತದ ಮೊದಲ ಅಂಕೀಯ ಗಣಕ. ರಾಷ್ಟ್ರೀಯ ಮಾದರಿ ಸಮೀಕ್ಷೆ, ಯೋಜನಾ ಆಯೋಗ, 1968ರ ಪದ್ಮವಿಭೂಷಣ ಇವೆಲ್ಲ ಪಠ್ಯಪುಸ್ತಕದಲ್ಲಿ ಇರುವವೇ. 1972ರ ಜೂನ್ 28ರಂದು, ಎಪ್ಪತ್ತೊಂಬತ್ತು ತುಂಬಲು ಒಂದೇ ದಿನವಿದ್ದಾಗ ಅವರು ಕಾಲವಾದರು. ಮೆಟಬೊಲಾಮಿಕ್ಸ್ ಎಂಬ ಶಬ್ದ ಆಗ ಇನ್ನೂ ಹುಟ್ಟಿರಲಿಲ್ಲ. ಇಟ್ಟಮಡುವಿನಿಂದ ವರ್ತುಲ ರಸ್ತೆ ಹಿಡಿದು ನಾಯಂಡಹಳ್ಳಿಗೆ ಬಂದು, ಮೈಸೂರು ರಸ್ತೆಯಲ್ಲಿ ಕೆಂಗೇರಿಯ ಕಡೆ ಸಾಗಿದರೆ ಅವರ ಸಂಸ್ಥೆಯ ಬೆಂಗಳೂರು ಕೇಂದ್ರ ಸಿಗುತ್ತದೆ. ಪದವಿಯ ನಂತರ ಮುಂದೆ ಓದಬೇಕೆಂದಿರುವ ಗೆಳೆಯರು ಅದರ ಪ್ರವೇಶ ಪರೀಕ್ಷೆಯನ್ನು ವಿಚಾರಿಸಬಹುದು, ನಾನಂತೂ ವಿಚಾರಿಸುತ್ತಿದ್ದೇನೆ.