ಮದರಾಸು ಪದ್ಧತಿಯ ಆಂಡ್ರೂ ಬೆಲ್

ಚೆನ್ನೈ ನಗರದಲ್ಲಿ ಓದುತ್ತಿರುವ ನಮಗೆ ಎಳುಂಬೂರು ಎಂದೊಡನೆ ನೆನಪಾಗುವುದು ಅಲ್ಲಿಯ ರೈಲು ನಿಲ್ದಾಣ. ಅದೇ ಎಳುಂಬೂರಿನ ಒಂದು ಅನಾಥಾಲಯದ ಶಾಲೆಯಿಂದ ಹೊರಟ ಬೋಧನಕ್ರಮವು ಮುಂದೆ ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳನ್ನೆಲ್ಲ ವ್ಯಾಪಿಸಿತೆಂಬುದನ್ನು ಬಲ್ಲವರು ವಿರಳ. ಮಕ್ಕಳು ಬಹಳ, ಉಪಾಧ್ಯಾಯರು ಕೆಲವರು, ಹಣವೋ ಇನ್ನೂ ಕಡಮೆ; ಈ ತೊಡಕಿಗೆ ತಾನು ಪರಿಹಾರ ಕಂಡೆನೆಂದು ನಂಬಿದ್ದ ಆಂಡ್ರೂ ಬೆಲ್ ಎಂಬಾತನ ಜೀವನವನ್ನು ಇಲ್ಲಿ ಸಂಗ್ರಹವಾಗಿ ಹೇಳುತ್ತೇವೆ.

ಬೆಲ್ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಎಂಬ ಊರಿನಲ್ಲಿ 1753ರಲ್ಲಿ ಜನಿಸಿದನು. ತಂದೆ ಕ್ಷೌರಿಕ. ಬೆಲ್ ಆ ಊರಿನ ವಿಶ್ವವಿದ್ಯಾಲಯದಲ್ಲಿಯೇ ಓದಿ, 1774ರಲ್ಲಿ ಅಮೆರಿಕದ ವರ್ಜೀನಿಯಕ್ಕೆ ಹೋಗಿ ಅಲ್ಲಿ ಮನೆಪಾಠ ಹೇಳಿ ಜೀವಿಸಿದನು. ಹಿಂದಿರುಗುವಾಗ ಹಡಗು ಒಡೆದು ಬಹಳ ಸಂಕಟಪಟ್ಟನು. ತರುವಾಯ ಪಾದ್ರಿಯಾಗಿ, 1787ರಲ್ಲಿ ಇಂಡಿಯಾಕ್ಕೆ ಬಂದು ಮದರಾಸಿನಲ್ಲಿ ನೆಲಸಿದನು. ಸೇನೆಯ ಹಲವು ದಳಗಳಿಗೆ ಪಾದ್ರಿಯಾಗಿ ನೇಮಕಗೊಂಡು ಒಳ್ಳೆಯ ವರಮಾನವನ್ನೂ ಪಡೆದನು.

1789ರಲ್ಲಿ ಎಳುಂಬೂರಿನಲ್ಲಿ ಸೈನಿಕರ ಗಂಡುಮಕ್ಕಳಿಗಾಗಿ ಅನಾಥಾಲಯವೊಂದು ತೆರೆಯಿತು. ಅಲ್ಲಿದ್ದವರಲ್ಲಿ ಬಹುಮಂದಿ ಯುರೋಪಿಯನ್ ತಂದೆಗೂ ಇಂಡಿಯಾದ ತಾಯಿಗೂ ಹುಟ್ಟಿದ ಹುಡುಗರು. ಬೆಲ್ ಸಂಬಳವನ್ನು ಬೇಡವೆಂದು ಅದರ ಮೇಲ್ವಿಚಾರಣೆಯನ್ನು ವಹಿಸಿಕೊಂಡನು. ಶಾಲೆಯಲ್ಲಿದ್ದ ಉಪಾಧ್ಯಾಯರ ಕೆಲಸ ಆತನಿಗೆ ತೃಪ್ತಿಯಾಗಲಿಲ್ಲ. ಆತನ ಹೊಸ ಯೋಚನೆಗಳು ಅವರಿಗೂ ಹಿಡಿಸಲಿಲ್ಲ.

ಒಂದು ದಿನ ಆತನು ಕುದುರೆಯೇರಿ ಹೋಗುತ್ತಿದ್ದಾಗ, ನಮ್ಮ ನಾಡಿನ ಶಾಲೆಯೊಂದರ ಮಕ್ಕಳು ನೆಲದ ಮೇಲೆ ಮರಳು ಹರವಿ, ಬೆರಳಿನಿಂದ ಅಕ್ಷರ ಬರೆಯುತ್ತಿದ್ದುದನ್ನು ಕಂಡನು. ನಮ್ಮ ಅಜ್ಜ ಮುತ್ತಜ್ಜಂದಿರು ಕೂಲಿಮಠಗಳಲ್ಲಿ ಮರಳ ಮೇಲೆ ತಿದ್ದಿದ್ದೂ ಹೀಗೆಯೇ ಅಲ್ಲವೆ! ತನ್ನ ಶಾಲೆಯಲ್ಲಿಯೂ ಹಾಗೆ ಬರೆಯಿಸೆಂದು ಬೆಲ್ ಅಪ್ಪಣೆಮಾಡಿದನು. ಕೆಳತರಗತಿಯ ಉಪಾಧ್ಯಾಯನು ಅದು ಸಾಧ್ಯವಿಲ್ಲವೆಂದನು. ಆಗ ಬೆಲ್ ಜಾನ್ ಫ್ರಿಸ್ಕಿನ್ ಎಂಬ ಎಂಟು ವರ್ಷದ ಹುಡುಗನನ್ನು ಆ ತರಗತಿಗೆ ನಿಯಮಿಸಿದನು. ಒಬ್ಬ ಸಾಮಾನ್ಯ ಸಿಪಾಯಿಯ ಮಗನಾದ ಆ ಬಾಲಕನು ಕೆಲಸವನ್ನು ಚೆನ್ನಾಗಿ ನಡೆಸಿದನು. ಅಲ್ಲಿಂದ ಮುಂದೆ ಒಂದೊಂದು ತರಗತಿಗೂ ಒಬ್ಬ ಹುಡುಗನೇ ಗುರು, ಅವನಿಗೆ ಇನ್ನೊಬ್ಬ ಸಹಾಯಕ. ಬಲ್ಲವನ ಪಕ್ಕದಲ್ಲಿ ಅರಿಯದವನನ್ನು ಕೂಡಿಸುವುದು, ಸರಿಯಾಗಿ ಉತ್ತರ ಕೊಟ್ಟವನನ್ನು ಮೇಲಿನ ಸ್ಥಾನಕ್ಕೆ ಏರಿಸುವುದು, ತಪ್ಪುಮಾಡಿದವನ ವಿಚಾರಣೆಯನ್ನು ಜೊತೆಯ ಹುಡುಗರಿಗೇ ಒಪ್ಪಿಸುವುದು, ಇವು ಅಲ್ಲಿಯ ನಿಯಮಗಳು.

ಹಿರಿಯ ವಿದ್ಯಾರ್ಥಿಯು ಕಿರಿಯನಿಗೆ ಕಲಿಸುವ ವಾಡಿಕೆಯು ನಮ್ಮ ಹಳ್ಳಿಗಳಲ್ಲಿ ಮೊದಲೇ ಇದ್ದಿತು. ಬಳ್ಳಾರಿಯ ಕಲೆಕ್ಟರನಾಗಿದ್ದ ಕ್ಯಾಂಬೆಲ್ 1823ರ ತನ್ನ ವರದಿಯಲ್ಲಿ ಇದನ್ನು ಮೆಚ್ಚಿ, ಇಂಗ್ಲೆಂಡಿನವರು ಇದನ್ನು ಅನುಸರಿಸಿದುದು ಯೋಗ್ಯವೇ ಎಂದು ತಿಳಿಸಿದ್ದಾನೆ. ಆಗ ಆ ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಕನ್ನಡ ಶಾಲೆಗಳೇ 235. ಎಂದರೆ ಶಾಲೆಯೊಂದಕ್ಕೆ ಸುಮಾರು 12 ಮಕ್ಕಳು ಮಾತ್ರ. ನಮ್ಮ ಕೂಲಿಮಠಕ್ಕೂ ಬೆಲ್ಲನ ಅನುಯಾಯಿಗಳ ಶಾಲೆಗಳಿಗೂ ಇದ್ದ ಅಂತರವು ಇಲ್ಲಿಯೇ ಇದೆಯೆಂದು ನಮ್ಮ ಎಣಿಕೆ. ಇಲ್ಲಿ ಅಯ್ಯಗಳ ಕಣ್ಣು ಪ್ರತಿಯೊಬ್ಬ ಹುಡುಗನ ಮೇಲೂ ಬೀಳುತ್ತಿತ್ತು. ಅಲ್ಲಿ ಒಂದೇ ಕೊಠಡಿಯಲ್ಲಿ ನೂರಾರು ಮಕ್ಕಳು, ಸಂಬಳದ ಉಪಾಧ್ಯಾಯನು ಒಬ್ಬನೇ.

1796ರಲ್ಲಿ ಬೆಲ್ ಮದರಾಸನ್ನು ಬಿಟ್ಟು, ಮರುವರ್ಷ ಲಂಡನ್ನಿನಲ್ಲಿ ತನ್ನ ಪ್ರಯೋಗದ ವಿವರವನ್ನು ಅಚ್ಚುಹಾಕಿಸಿದನು. ಅಷ್ಟರಲ್ಲಿ ಜೋಸೆಫ್ ಲ್ಯಾಂಕಾಸ್ಟರ್ ಎಂಬ ಕ್ವೇಕರ್ ತರುಣನು ಲಂಡನ್ನಿನಲ್ಲಿ ಅಂಥದೇ ಶಾಲೆಯನ್ನು ತೆರೆದನು. ಒಬ್ಬ ಉಪಾಧ್ಯಾಯನು ಸಾವಿರ ಮಕ್ಕಳಿಗೆ ಕಲಿಸಬಹುದೆಂಬುದು ಅವನ ವಾದ. ಪದ್ಧತಿಯನ್ನು ಮೊದಲು ಕಂಡವರಾರೆಂಬ ವಿಷಯದಲ್ಲಿ ಇಬ್ಬರ ಪಕ್ಷದವರೂ ವರ್ಷಗಟ್ಟಲೆ ಕಾದಾಡಿದರು. 1811ರಲ್ಲಿ ಇಂಗ್ಲೆಂಡಿನ ಚರ್ಚಿನವರು ನ್ಯಾಷನಲ್ ಸೊಸೈಟಿಯನ್ನು ಸ್ಥಾಪಿಸಿ ಬೆಲ್ಲನ ಕ್ರಮವನ್ನೇ ಸ್ವೀಕರಿಸಿದರು. ದಾನಿಗಳಿಗೆ ಇದು ಬಹು ಪ್ರಿಯವಾಯಿತು. ಏಕೆಂದರೆ ಇದು ಅಗ್ಗ. ಬಡವರ ಮಕ್ಕಳಿಗೆ ಹೆಚ್ಚಿನ ವಿದ್ಯೆ ಅನಾವಶ್ಯಕವೆಂದು ಬೆಲ್ಲನೂ ಎಣಿಸಿದ್ದನು. ಕ್ಷೌರಿಕನ ಮಗನಾಗಿ ವಿಶ್ವವಿದ್ಯಾಲಯದವರೆಗೆ ಓದಿದವನು ಹೀಗೆ ಎಣಿಸಿದುದು ನಮಗೆ ಸೋಜಿಗವೆನಿಸುತ್ತದೆ.

ಬೆಲ್ 1832ರಲ್ಲಿ ಚೆಲ್ಟೆನ್‌ಹ್ಯಾಮಿನಲ್ಲಿ ಮೃತನಾದನು. ಆತನನ್ನು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಹೂಳಿದರು. ತನ್ನ ಸುಮಾರು 1,20,000 ಪೌಂಡು ಆಸ್ತಿಯನ್ನು ವಿದ್ಯೆಗೆಂದು ಬಿಟ್ಟಿದ್ದನು. ಆ ಹಣದಿಂದ ಸೇಂಟ್ ಆಂಡ್ರೂಸಿನಲ್ಲಿ ಏರ್ಪಟ್ಟ ಮದರಾಸ್ ಕಾಲೇಜ್ ಎಂಬ ಶಾಲೆಯು ಇಂದಿಗೂ ನಡೆಯುತ್ತಿದೆ.

ಆದರೆ ಆತನ ಪದ್ಧತಿಯು ಬಹುಕಾಲ ಉಳಿಯಲಿಲ್ಲ. ಎಂಟು ಹತ್ತು ವರ್ಷದ ಹುಡುಗರು ತಮಗೆ ತಿಳಿದುದನ್ನು ಗಿಳಿಪಾಠ ಒಪ್ಪಿಸಬಲ್ಲರೇ ಹೊರತು, ಪ್ರಶ್ನೆ ಕೇಳುವ ಮಗುವಿಗೆ ಏನನ್ನು ತಾನೆ ಹೇಳಬಲ್ಲರು? ಶಾಲಾ ತನಿಖಾಧಿಕಾರಿಗಳು ಈ ಕೊರತೆಯನ್ನು ಎತ್ತಿತೋರಿಸಿದರು. 1846ರಲ್ಲಿ ಸರ್ಕಾರವು 13 ವರ್ಷ ತುಂಬಿದವರನ್ನು ಐದು ವರ್ಷಗಳ ತರಬೇತಿಗೆ ಸಂಬಳಕೊಟ್ಟು ನೇಮಿಸುವ ಕ್ರಮವನ್ನು ತಂದು, 25 ಮಕ್ಕಳಿಗೆ ಅಂಥವನೊಬ್ಬನೆಂದು ಗೊತ್ತುಮಾಡಿತು. ಖರ್ಚು ಏರಿದೊಡನೆ 1862ರ ಹೊಸ ನಿಬಂಧನೆಯಲ್ಲಿ ಆ ಲೆಕ್ಕವು 40 ಮಕ್ಕಳಿಗೆ ಒಬ್ಬನೆಂದಾಯಿತು.